ಸೈಕಲ್ ಸೀಟು ಏರಿಸಿದವರು

ಯಾರ ಸೈಕಲ್ಲನ್ನಾದರೂ ಕೇಳದೆ ಮುಟ್ಟುವ ಕೆಟ್ಟ ಅಭ್ಯಾಸ ಅವರಿಗಿತ್ತು. ಬೆಳ್ತಂಗಡಿಯ ಬ್ಲಾಕ್ ಆಫೀಸಿನ ಎದುರು, ಮಡಂತ್ಯಾರಿನ ಚಾದಂಗಡಿಯ ಬದಿಯಲ್ಲಿ, ಮದುವೆ ಚಪ್ಪರದ ಹಿಂದೆ, ಎಲ್ಲಿ ಸೈಕಲ್ ಒರಗಿಸಿಟ್ಟಿದ್ದರೂ ಅವರ ಕೈ ಅಂಗಿಯ ಕಿಸೆಗೆ ಹೋಗುತ್ತಿತ್ತು. ಕಿಸೆಯಲ್ಲಿ ಸ್ಪ್ಯಾನರ್. ಸೈಕಲ್ಲಿನವನು ಚಾ ಕುಡಿದು ಬಾಯಿ ಒರಸಿಕೊಂಡು ಬರುವಷ್ಟರಲ್ಲಿ ಸೀಟು ನಾಲ್ಕು ಬೆರಳು ಮೇಲೆ ಹೋಗಿರುತ್ತಿತ್ತು. ಅವನು ಎಂದಿನಂತೆ ಹತ್ತಿ ಕೂತು, ಎಂದಿನಂತೆ ಕಾಲು ಊರಲು ಹೋಗಿ, ನೆಲ ಸಿಕ್ಕದೆ ಹೌಹಾರುತ್ತಿದ್ದ. ಇವರು ಕಂಬಕ್ಕೆ ಒರಗಿ ನಿಂತು, “ಹೆದರ್ಬೇಡಿ ಮಾರಾಯ್ರೆ, ನೆಲ ಎಲ್ಲಿಗೂ ಹೋಗ್ಲಿಲ್ಲ, ಅಲ್ಲೇ ಉಂಟು” ಎನ್ನುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ನಮ್ಮ ಕಡೆ ಹೆಸರು ಹೇಳಿದ ಕೂಡಲೇ “ಯಾವ ಮನೆ?” ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯಿಂದ ಅವರು ಹರೆಯವಿಡೀ ತಪ್ಪಿಸಿಕೊಂಡು ತಿರುಗಿದವರು. ಯಾರಾದರೂ ಕೇಳಿದರೆ, “ಬಂಟ್ವಾಳದಲ್ಲಿ ಹೊಳೆ ಬದಿ, ಬಾಡಿಗೆ ಮನೆ” ಎನ್ನುವರು. “ಅದಲ್ಲ, ಮೂಲ ಎಲ್ಲಿ?” ಎಂದು ಒತ್ತಾಯಿಸಿದರೆ, “ಮೂಲದ ತೊಂದರೆ ನನಗಿಲ್ಲ, ನನ್ನ ಸೀಟು ಸರಿ ಉಂಟು” ಎಂದು ಕೇಳಿದವರನ್ನೇ ನಗಿಸಿ ಕಳಿಸುವರು. ನಾನೂ ಎಷ್ಟೋ ಸಲ ನಕ್ಕಿದ್ದೇನೆ. ಆ ನಗೆಯ ಹಿಂದೆ ಏನಿತ್ತೆಂದು ತಿಳಿದ ದಿನ ನನಗೆ ಬಡಿದ ಗರ ಇನ್ನೂ ಪೂರ್ತಿ ಬಿಟ್ಟಿಲ್ಲ.

ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿದ ಹೊಸತರ ಮಾತು. ನಾನು ಮೂಡಬಿದಿರೆಯ ಜೈನರ ಮನೆಯ ಹುಡುಗ. ಗ್ರಾಮಸೇವಕನೆಂಬ ದೊಡ್ಡ ಹೆಸರಿನ ಸಣ್ಣ ನೌಕರಿ ಸಿಕ್ಕಿ ಬೆಳ್ತಂಗಡಿ ಬ್ಲಾಕಿಗೆ ಹೋದೆ. ಗ್ರಾಮಸೇವಕನಿಗೆ ಸರಕಾರ ಕೊಡಿಸುತ್ತಿದ್ದದ್ದು ಒಂದು ಕಪ್ಪು ಸೈಕಲ್. ಹೊರಿಸುತ್ತಿದ್ದದ್ದು ಜಗತ್ತಿನ ಸಕಲ ಕೆಲಸ. ಗೊಬ್ಬರದ ಗುಂಡಿ ತೋಡಿಸಬೇಕು, ಹಸುರೆಲೆ ಗೊಬ್ಬರದ ಬೀಜ ಹಂಚಬೇಕು, ಜಪಾನಿನವರ ಹಾಗೆ ಸಾಲಿನಲ್ಲಿ ಭತ್ತದ ನೇಜಿ ನೆಡಿ ಎಂದು, ಹುಟ್ಟಿದಂದಿನಿಂದ ಗದ್ದೆಯಲ್ಲೇ ಇದ್ದವರಿಗೆ ಉಪದೇಶ ಮಾಡಬೇಕು. ಅವರು ಅದೇ ಬ್ಲಾಕಿನಲ್ಲಿ ಕೃಷಿ ವಿಸ್ತರಣಾಧಿಕಾರಿ, ನನಗೆ ಮೇಲಿನವರು. ಎತ್ತರದ ಆಳು, ಉದ್ದ ಕಾಲು, ಇಸ್ತ್ರಿ ಕಾಣದ ಅಂಗಿ. ಮದುವೆ ಆಗಿರಲಿಲ್ಲ.

ನೌಕರಿ ಸೇರಿ ಒಂದು ತಿಂಗಳಾಗಿತ್ತು, ಅವರನ್ನು ಕಂಡದ್ದು ಅದೇ ಮೊದಲು. ನಾನು ಆಫೀಸಿನ ಏರು ಹತ್ತಿ ಬರುವುದನ್ನು ಅವರು ಜಗಲಿಯಲ್ಲಿ ನಿಂತು ನೋಡಿದ್ದರು. ನಮಸ್ಕಾರ ಹೇಳಿದರೆ ತಿರುಗಿ ನಮಸ್ಕಾರವಿಲ್ಲ. “ಮೊಣಕಾಲು ಗದ್ದಕ್ಕೆ ಹೊಡೀತದಾ?” ಎಂದು ಕೇಳಿದರು. ನಾನು ಕಕ್ಕಾಬಿಕ್ಕಿ. “ನೋವು ಎದುರಿಂದಲಾ, ಹಿಂದಿನಿಂದಲಾ?” ಎಂಬುದು ಎರಡನೆಯ ಪ್ರಶ್ನೆ. ಎದುರಿನಿಂದ ಎಂದೆ. ನಿಜಕ್ಕೂ ನೋವಿತ್ತು, ಯಾರಿಗೂ ಹೇಳಿರಲಿಲ್ಲ. “ಎದುರು ನೋವಾದರೆ ಸೀಟು ಏರಿಸ್ಬೇಕು, ಹಿಂದೆ ನೋವಾದರೆ ಇಳಿಸ್ಬೇಕು. ಇಷ್ಟೇ ವೈದ್ಯ. ಬನ್ನಿ” ಎಂದು ಕರೆದುಕೊಂಡು ಹೋಗಿ ಸೈಕಲ್ಲನ್ನು ಕೆಂಪುಕಲ್ಲಿನ ಗೋಡೆಯ ಪಕ್ಕ ನಿಲ್ಲಿಸಿದರು.

ಗೋಡೆ ಹಿಡಿದು ಕೂರಬೇಕು. ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಬೇಕು. ಆಗ ಕಾಲು ನೆಟ್ಟಗಾಗಬೇಕು. ಆದರೆ ಹಿಮ್ಮಡಿ ಮುಟ್ಟಿಸಲು ಸೊಂಟ ವಾಲಬಾರದು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮೊಣಕಾಲಿನಲ್ಲಿ ಸಣ್ಣದೊಂದು ಬಾಗು ಉಳಿಯುತ್ತದೆ. “ಆ ಬಾಗೇ ನಿಮ್ಮ ಪೆನ್ಶನ್ನು, ಅದನ್ನು ಕಳ್ಕೊಳ್ಬೇಡಿ” ಎಂದರು. ಅಷ್ಟಕ್ಕೆ ಮುಗಿಯಲಿಲ್ಲ. ಕಿಸೆಯಿಂದ ಒಂದು ನೂಲು ತೆಗೆದರು, ಅದರ ತುದಿಗೆ ಒಂದು ಅಡಿಕೆ ಕಟ್ಟಿತ್ತು. ಎರಡೂ ಪೆಡಲ್ ಸಮಕ್ಕೆ ನಿಲ್ಲಿಸಿ, ನನ್ನ ಮೊಣಕಾಲ ಚಿಪ್ಪಿನಿಂದ ಆ ನೂಲನ್ನು ಇಳಿಬಿಟ್ಟರು. ಅಡಿಕೆ ಪೆಡಲಿನ ನಡುವಿಗೆ ಸರಿಯಾಗಿ ತೂಗಬೇಕಂತೆ. ಮುಂದೆ ತೂಗಿತು. ಸೀಟನ್ನು ಒಂದು ಬೆರಳು ಹಿಂದಕ್ಕೆ ದೂಡಿದರು. ಆಫೀಸಿಗೆ ಬಂದಿದ್ದ ಜನವೆಲ್ಲ ಸುತ್ತ ನೆರೆದು, ಹೊಸ ಗ್ರಾಮಸೇವಕನ ಕಾಲಿಗೆ ಅಡಿಕೆ ಕಟ್ಟಿ ಏನು ಶಾಸ್ತ್ರ ನಡೆಯುತ್ತಿದೆಯೆಂದು ನೋಡುತ್ತಿದ್ದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು.

ಆ ಸಂಜೆ ನಾನು ಎರಡು ಸಲ ಬಿದ್ದೆ, ಅದರಲ್ಲಿ ಒಂದು ಸಲ ನಾನೇ ತೋಡಿಸಿದ್ದ ಗೊಬ್ಬರದ ಗುಂಡಿಗೆ. ಬೈದುಕೊಂಡೇ ಎದ್ದೆ. ಆದರೆ ವಾರ ಕಳೆಯುವಷ್ಟರಲ್ಲಿ ಒಂದು ವಿಷಯ ತಿಳಿಯಿತು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವ ಕ್ರಮವಿಲ್ಲ. ಹಳ್ಳಿ ಸುತ್ತಿ ಬಿಡಾರ ಸೇರುವಾಗ ಕತ್ತಲಾಗಿ, ನೌಕರಿ ಸೇರಿದ ಮೇಲೆ ನಾನು ಬರೀ ನೀರು ಕುಡಿದು ಮಲಗಿದ ದಿನಗಳೇ ಹೆಚ್ಚು. ಸೀಟು ಏರಿದ ಮೇಲೆ ಅದೇ ದಾರಿ, ಅದೇ ಕಾಲು, ಸೂರ್ಯ ಇನ್ನೂ ಒಂದು ಮಾರು ಮೇಲಿರುವಾಗಲೇ ಬಿಡಾರದ ಬಾಗಿಲಲ್ಲಿರುತ್ತಿದ್ದೆ. ಅನ್ನ ಕೊಟ್ಟವರನ್ನು ಮರೆಯಬಾರದು ಎನ್ನುತ್ತಾರೆ. ಈ ಮನುಷ್ಯ ನನಗೆ ಕೊಟ್ಟದ್ದು ರಾತ್ರಿಯ ಅನ್ನವನ್ನೇ.

ಭತ್ತದ ಬಗ್ಗೆ ಸಭೆ ಕರೆದರೆ ಅರ್ಧ ಸಭೆ ಸೈಕಲ್ಲಿಗೆ ಹೋಗುತ್ತಿತ್ತು. ಬ್ಲಾಕಿನ ಅಧಿಕಾರಿಗಳು ಕರೆದು, “ನಿಮ್ಮನ್ನು ಸರಕಾರ ನೇಮಕ ಮಾಡಿದ್ದು ಬೇಸಾಯಕ್ಕೋ ಸೈಕಲ್ಲಿಗೋ?” ಎಂದು ಗದರಿದ್ದರು. “ಬೇಸಾಯ ಮಾಡುವವನ ಮೊಣಕಾಲಿಗೆ, ಸಾರ್” ಎಂದರಂತೆ. ಒಬ್ಬ ಪುರೋಹಿತ ಭಟ್ಟರು ಸೀಟಿನ ಮೂತಿಯನ್ನು ಆಕಾಶಕ್ಕೆ ಎತ್ತಿಟ್ಟುಕೊಂಡು ಸೈಕಲ್ ಬಿಡುತ್ತಿದ್ದರು. ಬಗ್ಗಿಸಿದರೆ ಜಾರುತ್ತದೆಂಬ ಹೆದರಿಕೆ. ಇವರು ಪಕ್ಕದ ಅಂಗಡಿಯಿಂದ ಒಂದು ಕೋಳಿಮೊಟ್ಟೆ ತಂದು, “ಸೀಟು ಸಮ ಉಂಟಾ ನೋಡುವ, ಇದು ಉರುಳಬಾರದು” ಎಂದು ಸೀಟಿನ ಮೇಲೆ ಇಡಲು ಹೋದರು. ಭಟ್ಟರು ಮೊಟ್ಟೆ ಮುಟ್ಟಿದ ಸೀಟಿನ ಮೇಲೆ ಕೂರುವುದು ಹೇಗೆಂದು ಗಾಬರಿಯಾಗಿ, “ಬೇಡ ಬೇಡ, ನೀವು ಹೇಳಿದ ಹಾಗೆಯೇ ಆಗ್ಲಿ” ಎಂದು ಒಪ್ಪಿಬಿಟ್ಟರು. ಒಪ್ಪಿಸುವುದಕ್ಕೆಂದೇ ಮೊಟ್ಟೆ ತಂದದ್ದೆಂದು ನನಗೆ ಈಗಲೂ ಅನುಮಾನ.

ಒಂದು ವಿಷಯ ಮಾತ್ರ ಅವರಿಗೆ ಅರ್ಥವಾಗುತ್ತಿರಲಿಲ್ಲ, ಅಥವಾ ಅರ್ಥವಾಗದವರಂತೆ ಇರುತ್ತಿದ್ದರೋ ಏನೋ. ಮಡಂತ್ಯಾರಿನಿಂದ ಒಳಗೆ ಹೋಗುವ ಒಂದು ಮಣ್ಣುರಸ್ತೆಯ ಜನ ಸೀಟು ಏರಿಸಿಕೊಂಡ ಮರುದಿನವೇ ಇಳಿಸಿಬಿಡುತ್ತಿದ್ದರು. ಇವರು ಏರಿಸುವುದು, ಅವರು ಇಳಿಸುವುದು. ಅವರಲ್ಲಿ ಕೊರಗಪ್ಪನೆಂಬ ಒಕ್ಕಲಿನವನೊಬ್ಬನಿದ್ದ. ನಮ್ಮಿಬ್ಬರಿಗಿಂತ ಹಿರಿಯ, ಗಟ್ಟಿ ಆಳು. ವೀಳ್ಯದೆಲೆಯ ಬುಟ್ಟಿಗಳನ್ನು ಕ್ಯಾರಿಯರಿನ ಮೇಲೆ ಪೇರಿಸಿಕೊಂಡು ಪೇಟೆಗೆ ತರುವವನು. ಸೀಟು ಎಷ್ಟು ಕೆಳಗೆಂದರೆ ಅವನು ಸೈಕಲ್ ತುಳಿಯುವುದು ಕುಕ್ಕರಗಾಲಲ್ಲಿ ಕೂತವನು ಓಡಿದಂತೆ ಕಾಣುತ್ತಿತ್ತು. ಮೊಣಕಾಲು ಬಾತು ಮೆಟ್ಟಿಲು ಹತ್ತಲಾಗದೆ, ಇದು ದೈವದ ಮುನಿಸೆಂದು ನಂಬಿ, ಬೆಳ್ಳಿಯ ಕಾಲು ಮಾಡಿಸಿ ಒಪ್ಪಿಸುತ್ತೇನೆಂದು ಹರಕೆ ಹೊತ್ತಿದ್ದ.

“ಬೆಳ್ಳಿ ಕಾಲು ಆಮೇಲೆ ಕೊಡು. ಮೊದಲು ಸೀಟು ಏರಿಸುವ” ಎಂದರು ಇವರು.

“ಏರಿಸ್ಲಿಕ್ಕೆ ಆಗುದಿಲ್ಲ ಸ್ವಾಮಿ” ಎಂದ ಕೊರಗಪ್ಪ. “ನಮ್ಮ ದಾರಿಯಲ್ಲಿ ಗುತ್ತಿನ ಮನೆ ಉಂಟಲ್ಲ, ನಮ್ಮ ಗದ್ದೆಯ ಧನಿಗಳದ್ದು. ಧನಿಗಳು ಚಾವಡಿಯಲ್ಲಿ ಕೂತಿರ್ತಾರೆ. ತಿರುವು ಕಳೆದದ್ದೇ ಅಂಗಳ. ಅವರ ಕಣ್ಣಿಗೆ ಬಿದ್ದ ಕೂಡಲೇ ಇಳೀಬೇಕು, ಎತ್ತಿ ಕಟ್ಟಿದ ಮುಂಡು ಇಳಿಸ್ಬೇಕು. ಸೀಟು ಎತ್ತರ ಇದ್ದರೆ ಕಾಲು ಹೇಗೆ ಊರುದು?”

“ತಿರುವಿನ ಮೊದಲೇ ಇಳಿದು ನಡ್ಕೊಂಡು ಹೋಗಬಹುದಲ್ಲ?” ಎಂದೆ ನಾನು.

ಅವನು ನನ್ನನ್ನು ಕನಿಕರದಿಂದ ನೋಡಿದ. “ಅದು ಹೇಗೆ ಆಗ್ತದೆ? ನಾವು ಇಳಿಯುದನ್ನು ಅವರು ನೋಡ್ಬೇಕಲ್ವಾ? ಮೊದಲೇ ಇಳಿದು ಬಂದ್ರೆ ಸೈಕಲ್ ದೂಡಿಕೊಂಡು ಬಂದ ಹಾಗೆ ಆಯ್ತು. ಅದರಲ್ಲಿ ಮರ್ಯಾದೆ ಎಲ್ಲಿಂದ ಬಂತು?”

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ನೂಲನ್ನು ಅಡಿಕೆಗೆ ಸುತ್ತಿ ಕಿಸೆಗೆ ಹಾಕಿಕೊಂಡು ಹೊರಟುಬಿಟ್ಟರು. ಇಳಿಯದಿದ್ದರೆ ಏನಾಗುತ್ತದೆಂದು ಕೇಳುವ ಅಗತ್ಯ ನಮ್ಮ ಕಡೆಯವರಿಗೆ ಯಾರಿಗೂ ಇರಲಿಲ್ಲ. ಕೊರಗಪ್ಪನದು ಚಾಲಗೇಣಿಯ ಗದ್ದೆ. ಧನಿ ಬಾಯಿಮಾತಿನಲ್ಲಿ ಕೊಟ್ಟದ್ದು, ಬಾಯಿಮಾತಿನಲ್ಲಿ ಬಿಡಿಸಬಹುದಾದದ್ದು. ಗದ್ದೆ ಹೋದರೆ ಗದ್ದೆಯ ಬದಿಯ ಮನೆಯೂ ಹೋಯಿತು. ಆರು ಜನ ಉಣ್ಣುವ ಮನೆ ಅದು.

ಆಮೇಲೆ ಯೋಚಿಸಿದಾಗ ಇನ್ನೊಂದು ಸಂಗತಿ ನನಗೆ ಹೊಳೆಯಿತು. ಆ ಗುತ್ತಿನ ಎದುರಿನ ರಸ್ತೆಯಲ್ಲಿ ಇವರು ಒಮ್ಮೆಯೂ ಹೋದದ್ದನ್ನು ನಾನು ಕಂಡಿರಲಿಲ್ಲ. ಆ ಕಡೆ ಕೆಲಸವಿದ್ದರೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಗದ್ದೆಯ ಬದುವಿನ ಮೇಲೆ, ನಮ್ಮ ಕಡೆಯ ಹುಣಿಯ ಮೇಲೆ, ನಡೆದು ಬಳಸಿ ಹೋಗುತ್ತಿದ್ದರು. “ಬೆಳೆ ನೋಡಿಕೊಂಡು ಹೋಗುವ” ಎನ್ನುತ್ತಿದ್ದರು. ಎಷ್ಟು ನಿಷ್ಠೆಯ ಅಧಿಕಾರಿ ಎಂದು ನಾನು ಬೇರೆಯವರಿಗೆ ಹೊಗಳಿ ಹೇಳಿದ್ದೂ ಉಂಟು.

ಮೊಣಕಾಲಿನ ನೋವು ಧನಿಯ ಹೆದರಿಕೆಗಿಂತ ಜೋರಾದಾಗ ಕೊರಗಪ್ಪ ಒಂದು ಉಪಾಯ ಮಾಡಿದ. ಸೀಟು ಏರಿಸಿಕೊಂಡ, ಜೊತೆಗೆ ಒಂದು ಸ್ಪ್ಯಾನರನ್ನೂ ಸಂಪಾದಿಸಿದ. ತಿರುವಿನ ಹಿಂದೆ ಒಂದು ಗೋಳಿಮರ. ಅಲ್ಲಿ ನಿಂತು ಸೀಟು ಇಳಿಸುವುದು, ಹತ್ತುವುದು, ತಿರುವು ದಾಟುವುದು, ಧನಿಯ ಎದುರು ದೊಪ್ಪನೆ ಕಾಲೂರಿ ಇಳಿದು ಮುಂಡು ಇಳಿಸುವುದು, ಅಂಗಳ ದಾಟಿದ ಮೇಲೆ ಮರೆಯಲ್ಲಿ ಮತ್ತೆ ಸೀಟು ಏರಿಸಿಕೊಳ್ಳುವುದು. ಅವನನ್ನು ನೋಡಿ ಉಳಿದವರೂ ಶುರುಮಾಡಿದರು. ಒಂದು ಬೆಳಿಗ್ಗೆ ನಾನು ಇವರ ಜೊತೆ ಹುಣಿಯ ಮೇಲೆ ಹೋಗುವಾಗ ಗೋಳಿಮರದ ಬುಡದಲ್ಲಿ ಏಳೆಂಟು ಮಂದಿ ಸಾಲಾಗಿ ನಿಂತು, ಇದ್ದ ಒಂದೇ ಸ್ಪ್ಯಾನರನ್ನು ಕೈಯಿಂದ ಕೈಗೆ ದಾಟಿಸುತ್ತ, ಶ್ರದ್ಧೆಯಿಂದ ಸೀಟು ಇಳಿಸುತ್ತಿದ್ದರು. ಇವರು ನಿಂತಲ್ಲೇ ನಿಂತರು. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ಮುಖ ಕೆಟ್ಟಿತು. “ಕಾಲಿನ ಅಳತೆ ತೆಗೆಯುದು ಗೊತ್ತುಂಟು ನನಗೆ, ಇದರ ಅಳತೆ ತೆಗೆಯುದು ಹೇಗೆ ಹೇಳಿ” ಎಂದರು.

ದಿನಕ್ಕೆರಡು ಸಲ ಬಿಚ್ಚಿ ಕಟ್ಟಿದರೆ ಯಾವ ಬೋಲ್ಟು ತಾಳುತ್ತದೆ? ಒಂದು ದಿನ ಗೋಳಿಮರದಡಿಯಲ್ಲಿ ಕೊರಗಪ್ಪನ ಸೀಟಿನ ಬೋಲ್ಟು ಸವೆದು ಗುಂಡಗಾಗಿ ಸ್ಪ್ಯಾನರಿಗೆ ಸಿಗಲಿಲ್ಲ. ಸೀಟು ಎತ್ತರದಲ್ಲೇ ನಿಂತಿತು. ಹೇಗೂ ಇಳಿಯಬಲ್ಲೆನೆಂಬ ಧೈರ್ಯದಿಂದ ಅವನು ಹಾಗೆಯೇ ಹೊರಟ. ತಿರುವು ಇಳಿಜಾರು. ಎದುರು ಬಂತು ಅಂಗಳ, ಚಾವಡಿ, ಚಾವಡಿಯಲ್ಲಿ ಧನಿ. ಕಾಲು ಹಿಂದೆ ಬೀಸಿ ಇಳಿಯೋಣವೆಂದರೆ ಬೆನ್ನ ಹಿಂದೆ ವೀಳ್ಯದೆಲೆಯ ಬುಟ್ಟಿಗಳು. ಊರೋಣವೆಂದರೆ ನೆಲವಿಲ್ಲ. ಮಂಜಿಗೆ ಒದ್ದೆಯಾದ ಬ್ರೇಕು ಹಿಡಿಯಲಿಲ್ಲ. ಎರಡೂ ಕಾಲು ಜೋತಾಡಿಸಿಕೊಂಡು, “ತಪ್ಪಾಯ್ತು ಧನಿ, ತಪ್ಪಾಯ್ತು ಧನಿ” ಎಂದು ಕೂಗುತ್ತ ಕೊರಗಪ್ಪ ಧನಿಯ ಎದುರಿನಿಂದ ಬಾಣದಂತೆ ಹೋಗಿಬಿಟ್ಟ.

ಕೇಳಿದವರೆಲ್ಲ ಬಿದ್ದು ಬಿದ್ದು ನಕ್ಕರು. ನಗು ಸಂಜೆಯವರೆಗೆ ಮಾತ್ರ ಇತ್ತು. ಸಂಜೆ ಗುತ್ತಿನ ಆಳು ಬಂದು ಹೇಳಿ ಹೋದ: ಈ ಕೊಯ್ಲು ಮುಗಿದ ಮೇಲೆ ಗದ್ದೆ ಬಿಡಬೇಕು.

ಕೊರಗಪ್ಪ ಬ್ಲಾಕ್ ಆಫೀಸಿಗೆ ಬಂದು ನಿಂತ. ಬೈಯಲೂ ಇಲ್ಲ, ಅಳಲೂ ಇಲ್ಲ. “ನಿಮ್ಮ ಮಾತು ಕೇಳಿ ಕಾಲು ಗುಣ ಆಯ್ತು ಸ್ವಾಮಿ. ಈಗ ನಡೆದು ಎಲ್ಲಿಗೆ ಹೋಗ್ಬೇಕು ಅಂತ ಹೇಳಿ” ಎಂದ. ಕೆನ್ನೆಗೆ ಹೊಡೆದಿದ್ದರೂ ಅವರಿಗೆ ಅಷ್ಟು ತಾಗುತ್ತಿರಲಿಲ್ಲ. ಎದ್ದು ಸೈಕಲ್ ತೆಗೆದರು. “ನೀವೂ ಬನ್ನಿ” ಎಂದು ನನ್ನನ್ನು ಕರೆದರು.

ಅವತ್ತು ಹುಣಿಯ ದಾರಿ ಹಿಡಿಯಲಿಲ್ಲ. ನೇರ ರಸ್ತೆ. ತಿರುವು ಕಳೆದು ಅಂಗಳ ಕಂಡದ್ದೇ ನಾನು ಇಳಿದೆ. ಮೂಡಬಿದಿರೆಯಲ್ಲಿ ನಮ್ಮ ಮನೆಗೂ ನಾಲ್ಕು ಜನ ಮರ್ಯಾದೆ ಕೊಡುತ್ತಿದ್ದರು, ಆದರೂ ಇಳಿದೆ. ಕಾಲು ತಾನಾಗಿ ಇಳಿಯಿತು. ಅವರು ಇಳಿಯಲಿಲ್ಲ. ರಸ್ತೆ ಬಿಟ್ಟು ಸೈಕಲ್ಲನ್ನು ಅಂಗಳಕ್ಕೇ ತಿರುಗಿಸಿದರು. ಭತ್ತ ಹೊಡೆಯುವ, ದೈವಕ್ಕೆ ಕೋಲ ಕಟ್ಟುವ, ಸಗಣಿ ಸಾರಿಸಿದ ಆ ಅಂಗಳದಲ್ಲಿ ಚಪ್ಪಲಿ ಹಾಕಿ ನಡೆದವರೂ ಇಲ್ಲ. ಇವರು ಕೂತಲ್ಲಿಂದ ಕದಲದೆ ತುಳಿದುಕೊಂಡು ಚಾವಡಿಯ ಮೆಟ್ಟಿಲ ತನಕ ಹೋದರು. ಆಳುಗಳು ಕೆಲಸ ಬಿಟ್ಟು ಬಾಯಿ ತೆರೆದು ನಿಂತರು.

ಧನಿ ಆರಾಮ ಕುರ್ಚಿಯಿಂದ ನಿಧಾನ ಎದ್ದರು. ನೆರೆತ ಮೀಸೆ, ಕಿವಿಯಲ್ಲಿ ಒಂಟಿ. “ಅಂಗಳಕ್ಕೆ ಸೈಕಲ್ ಬಿಟ್ಟುಕೊಂಡು ಬರ್ಲಿಕ್ಕೆ ಯಾರು ಕಲಿಸಿದ್ದು ನಿನಗೆ?” ಎಂದರು. ಸ್ವರ ಏರಿಸಲಿಲ್ಲ.

“ಸೀಟು ಎತ್ತರ, ಇಳೀಲಿಕ್ಕೆ ಆಗ್ಲಿಲ್ಲ ಮಾವ” ಎಂದರು ಇವರು.

ಮಾವ ಎಂಬ ಮಾತು ನನಗೆ ಕೇಳಿಸಿತು, ತಲೆಗೆ ಹೋಗಲಿಲ್ಲ. ಧನಿಗಳೂ ಹಾಗೆಯೇ ನಿಂತರು. ಇವರ ಉದ್ದ ಕಾಲನ್ನು, ಮೂಗನ್ನು, ಹಣೆಯನ್ನು ಒಂದೊಂದಾಗಿ ನೋಡಿದರು. ಆಗ ನಾನೂ ನೋಡಿದೆ. ಅದೇ ಮೂಗು, ಅದೇ ಹಣೆ. ಇಷ್ಟು ಸಮಯ ಜೊತೆಯಲ್ಲಿ ತಿರುಗಿದ ನಾನೊಬ್ಬ ಕುರುಡ ಎನಿಸಿತು. ಅಳಿಯಕಟ್ಟಿನ ಮನೆ ಅದು. ಆಸ್ತಿಯೂ ಯಜಮಾನಿಕೆಯೂ ಹೋಗುವುದು ಮಗನಿಗಲ್ಲ, ಸೋದರಳಿಯನಿಗೆ. ಊರಿಡೀ ಇಳಿದು ನಿಲ್ಲುವ ಆ ಚಾವಡಿಯ ಮುಂದಿನ ಯಜಮಾನ ನಮ್ಮ ಜೊತೆ ಸ್ಪ್ಯಾನರ್ ಹಿಡಿದು ಗೊಬ್ಬರದ ಗುಂಡಿ ಎಣಿಸುತ್ತ ತಿರುಗುತ್ತಿದ್ದ.

“ನಿನ್ನ ತಾಯಿ?” ಎಂದು ಧನಿಗಳು ಕೇಳಿದರು.

“ಹೋದ್ರು. ಎರಡು ವರ್ಷ ಆಯ್ತು.”

ಒಡಹುಟ್ಟಿದ ತಂಗಿ ತೀರಿಕೊಂಡದ್ದು ಅವರಿಗೆ ಗೊತ್ತೇ ಇರಲಿಲ್ಲ. ಅಣ್ಣನೊಡನೆ ಜಗಳವಾಡಿ, ಎಳೆ ಮಕ್ಕಳನ್ನು ಕಟ್ಟಿಕೊಂಡು ಆ ತಾಯಿ ಬಂಟ್ವಾಳಕ್ಕೆ ಹೋದವರು ತಿರುಗಿ ನೋಡಿರಲಿಲ್ಲವಂತೆ. ಸಾಯುವಾಗಲೂ ಆ ಮನೆಗೆ ತಿಳಿಸಬೇಡಿ ಎಂದಿದ್ದರಂತೆ. ಅಷ್ಟು ದೊಡ್ಡ ಮನುಷ್ಯ ಕಂಬ ಹಿಡಿದುಕೊಂಡು ಕೆಳಗೆ, ಬರೀ ನೆಲದ ಮೇಲೆ ಕೂತುಬಿಟ್ಟರು.

ಇವರು ಹೇಳಿದರು. “ನನಗೆ ಇಲ್ಲಿಂದ ಏನೂ ಬೇಡ ಮಾವ. ಕೊರಗಪ್ಪನ ಗದ್ದೆ ಅವನ ಹತ್ತಿರವೇ ಇರ್ಲಿ. ಅವನು ಬೇಕೂಂತ ಇಳಿಯದೆ ಹೋದದ್ದಲ್ಲ. ಅವನ ಸೀಟು ಏರಿಸಿದ್ದು ನಾನು.” ಧನಿಗಳು ತಲೆ ಎತ್ತಲಿಲ್ಲ, ಕೈ ಮಾತ್ರ ಒಮ್ಮೆ ಆಡಿಸಿದರು. ಅದು ಒಪ್ಪಿಗೆಯೋ ಹೋಗು ಎಂಬ ಸನ್ನೆಯೋ ಗೊತ್ತಾಗಲಿಲ್ಲ. ಕೊಯ್ಲು ಮುಗಿಯಿತು, ಗದ್ದೆ ಬಿಡಿಸಲು ಯಾರೂ ಬರಲಿಲ್ಲ.

ಹಿಂದೆ ಬರುವಾಗ ನಾನು ಮುಂದೆ ಮುಂದೆ ತುಳಿದೆ. ಇಷ್ಟು ಸಮಯ ಮುಚ್ಚಿಟ್ಟರಲ್ಲ ಎಂಬ ಸಿಟ್ಟಿತ್ತು. ಕಡೆಗೆ ಅವರೇ, “ಇಳಿದು ಹೋದ್ರೆ ತಾಯಿಗೆ ಅವಮಾನ, ಇಳಿಯದೆ ಹೋದ್ರೆ ಮಾವನಿಗೆ ಅವಮಾನ. ಅದಕ್ಕೆ ಹುಣಿಯ ಮೇಲೆ ಹೋಗ್ತಿದ್ದೆ” ಎಂದರು.

ಕೆಲವು ವರ್ಷಗಳಲ್ಲಿ ಮಾವ ತೀರಿಕೊಂಡರು. ಏನೂ ಬೇಡವೆಂದವರನ್ನು ಮನೆ ಬಿಡಲಿಲ್ಲ. ದೈವದ ಭಂಡಾರ, ನೂರೆಂಟು ಕಟ್ಟುಪಾಡು, ಒಕ್ಕಲುಗಳು. ಇವರು ನೌಕರಿ ಬಿಟ್ಟು ಹೋಗಿ ಕೂರಬೇಕಾಯಿತು. ಅಷ್ಟರಲ್ಲಿ ನನಗೆ ಮೂಡಬಿದಿರೆಯ ಕಡೆಗೆ ವರ್ಗವಾಗಿತ್ತು. ಒಮ್ಮೆ ಸೈಕಲ್ ತುಳಿದುಕೊಂಡೇ ನಮ್ಮ ಮನೆಗೆ ಬಂದರು. ಬಂದವರೇ ನನ್ನ ಸೈಕಲ್ಲಿನ ಸೀಟನ್ನು ಮುಟ್ಟಿ ನೋಡಿ, ಆಮೇಲೆ ನನ್ನ ಹೆಂಡತಿಗೆ ನಮಸ್ಕಾರ ಹೇಳಿದರು.

“ಹೇಗುಂಟು ಯಜಮಾನಿಕೆ?” ಎಂದು ಕೆಣಕಿದೆ.

“ಎಂಥ ಯಜಮಾನಿಕೆ ಮಾರಾಯ್ರೆ” ಎಂದರು. “ಎಲ್ಲರನ್ನೂ ಕರೆದು, ಇನ್ನು ಯಾರೂ ಇಳಿಯುದು ಬೇಡ ಅಂತ ಹೇಳಿದೆ. ಆಯ್ತು ಧನಿ ಅಂದ್ರು. ಮರುದಿನ ಎಲ್ಲರೂ ಇಳಿದ್ರು. ನಾನೇ ಚಾವಡಿ ಬಿಟ್ಟು ರಸ್ತೆಗೆ ಬಂದೆ. ನನ್ನನ್ನು ನೋಡಿ ಅವರು ಇಳೀತಾರೆ, ಅವರನ್ನು ನೋಡಿ ನಾನು ಇಳೀತೇನೆ. ಪೇಟೆಗೆ ಹೋಗಿ ಬರ್ಲಿಕ್ಕೆ ಅರ್ಧ ದಿನ ಬೇಕು. ಸೀಟು ಏರಿಸಿ ಆದದ್ದು ಇಷ್ಟೇ, ಮೊದಲು ಕೆಳಗಿನಿಂದ ಇಳೀತಿದ್ರು, ಈಗ ಎತ್ತರದಿಂದ ಇಳೀತಾರೆ.”

ನಾನು ನಕ್ಕೆ. ಅವರು ಚಾ ಲೋಟವನ್ನು ಕೆಳಗಿಟ್ಟರು. “ಕೊರಗಪ್ಪನ ಕೈ ಹಿಡಿದು ಕೇಳಿದ್ದೇನೆ. ಒಂದೇ ಒಂದು ಸಲ, ನಾನು ಎದುರಿರುವಾಗ, ಇಳಿಯದೆ ಹೋಗು ಅಂತ. ಮಾತು ಕೊಟ್ಟಿದ್ದಾನೆ. ಹೋಗ್ತೇನೆ ಧನಿ, ಇವತ್ತು ಬೇಡ ಅಂತಾನೆ. ಪ್ರತಿ ಸಲವೂ ಇವತ್ತು ಬೇಡ.” ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಸಂಕಟವೇ ಎಂದುಕೊಂಡೆ. ಅವರ ಬದುಕಿನ ಇಡೀ ಲೆಕ್ಕ ಆ ಒಂದು ವಿಷಯದ ಮೇಲೆ ನಿಂತಿತ್ತೆಂದು ಆಗ ನನಗೆ ತಿಳಿಯಲಿಲ್ಲ.

ಸುದ್ದಿ ಬಂದದ್ದು ಬಸ್ಸಿನ ಕಂಡಕ್ಟರನಿಂದ. ಮಡಂತ್ಯಾರಿನಿಂದ ಬಂದವನು ನನ್ನನ್ನು ಕಂಡು, “ನಿಮ್ಮ ಸೀಟಿನ ಧನಿ ಹೋದ್ರಂತೆ” ಎಂದ. ನನಗೆ ಏನೂ ಅನ್ನಿಸಲಿಲ್ಲ, ಸುಮ್ಮನೆ ಅವನ ಚೀಲವನ್ನೇ ನೋಡುತ್ತ ನಿಂತೆ. ಐವತ್ತೂ ತುಂಬದ ಆಳು, ಬೆಳಿಗ್ಗೆ ಎದ್ದು ಮುಖ ತೊಳೆಯುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದರಂತೆ. ಸಿಕ್ಕಿದ ಬಸ್ಸು ಹತ್ತಿದೆ.

ಗೋಳಿಮರದ ಅಡಿಯಲ್ಲಿ ಸೈಕಲ್ಲುಗಳ ರಾಶಿ. ಸಾವಿನ ಮನೆಗೆ ಸೈಕಲ್ ತುಳಿದುಕೊಂಡು ಹೋಗುವ ಕ್ರಮವಿಲ್ಲ. ಎಲ್ಲರೂ ಅಲ್ಲಿಂದ ನಡೆದೇ ಹೋಗಿದ್ದರು. ಅಂಗಳದಲ್ಲಿ ಮಲಗಿಸಿದ್ದರು. ಕಾಲು ಹೊದಿಕೆಯಿಂದ ಹೊರಗೆ ಚಾಚಿತ್ತು. ಇಡೀ ಊರು ನೆರೆದಿತ್ತು, ಕೊರಗಪ್ಪ ಮಾತ್ರ ಕಾಣಲಿಲ್ಲ. ಸಾಯುವವರೆಗೆ ಧನಿ ಧನಿ ಎಂದವನು ಈಗ ಎಲ್ಲಿ ಹೋದನೆಂದು ಯಾರೋ ಗೊಣಗಿದರು. ಇವರ ತಂಗಿಯ ಮಗ, ಹೊಸ ಯಜಮಾನ, ಚಾವಡಿಯ ಮೆಟ್ಟಿಲಲ್ಲಿ ನಿಂತಿದ್ದ. ಇನ್ನೇನು ಎತ್ತಬೇಕು ಎನ್ನುವಾಗ ತಿರುವಿನಿಂದ ಬೆಲ್ಲಿನ ಶಬ್ದ ಕೇಳಿತು.

ಕೊರಗಪ್ಪ. ತಲೆ ಪೂರ್ತಿ ಬೆಳ್ಳಗಾಗಿತ್ತು. ಮುಂಡು ಎತ್ತಿ ಕಟ್ಟಿದ್ದ. ಎತ್ತರದ ಸೀಟಿನ ಮೇಲೆ ನೆಟ್ಟಗೆ ಕೂತು, ಬೆಲ್ಲು ಬಾರಿಸುತ್ತ, ಇಳಿಜಾರಿನಲ್ಲಿ ಬರುತ್ತಿದ್ದ. ಇಳಿಯುತ್ತಾನೆ ಎಂದುಕೊಂಡೆವು. ಇಳಿಯಲಿಲ್ಲ. ರಸ್ತೆ ಬಿಟ್ಟು ಅಂಗಳಕ್ಕೆ ತಿರುಗಿದ. ಹೆಂಗಸರ ಅಳು ಗಕ್ಕನೆ ನಿಂತಿತು. “ಇಳಿ, ಏ, ಇಳಿ ಅಂದೆ” ಎಂದು ಹೊಸ ಯಜಮಾನ ಅಬ್ಬರಿಸಿದ. ಹೆಣದ ಎದುರು ಸೈಕಲ್ ಬಿಟ್ಟವನನ್ನು ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ತಡೆಯಬೇಕೆಂದು ಎದ್ದವರು ಅರ್ಧಕ್ಕೆ ನಿಂತರು. ಅವನ ಕಣ್ಣಿನಿಂದ ನೀರು ಗದ್ದಕ್ಕಿಳಿಯುತ್ತಿತ್ತು, ಕಾಲು ತುಳಿಯುತ್ತಲೇ ಇತ್ತು. ಜನ ಬದಿಗೆ ಸರಿದರು. ಅವರು ಮಲಗಿದ್ದ ಜಾಗದ ಪಕ್ಕದಿಂದ, ಒಂದು ಕೈ ಅಂತರದಲ್ಲಿ, ತಲೆ ಬಗ್ಗಿಸದೆ ಹಾದುಹೋದ.

ಅಂಗಳದ ಆ ಕೊನೆಯಲ್ಲಿ ಬೈಹುಲ್ಲಿನ ಬಣವೆ. ನಿಲ್ಲಿಸಲಾಗದೆ ಅದಕ್ಕೆ ಹೋಗಿ ಹೊಡೆದು, ಸೈಕಲ್ ಒಂದು ಕಡೆ, ಅವನೊಂದು ಕಡೆ ಬಿದ್ದ. ಓಡಿ ಹೋಗಿ ಎತ್ತಿದವನು ನಾನೇ. ಮೊಣಕೈ ತರಚಿ ರಕ್ತ ಬರುತ್ತಿತ್ತು. ಅದರ ಕಡೆಗೆ ಅವನ ಗಮನವೇ ಇರಲಿಲ್ಲ. ನನ್ನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಹೆದರಿದ ಕಣ್ಣುಗಳಿಂದ ನನ್ನ ಮುಖ ನೋಡುತ್ತ ಕೇಳಿದ.

“ನಾನು ಇಳಿಯಲಿಲ್ಲ ಅಲ್ವಾ? ಬಿದ್ದದ್ದು ಲೆಕ್ಕಕ್ಕಿಲ್ಲ ಅಲ್ವಾ?”